ಓದುಗರ ಪ್ರಶ್ನೆ: ಹದಿನಾಲ್ಕನೆಯ ನಡೆಗೆ 48 ಸೆಕೆಂಡು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯವನ್ನು ಕುರಿತವು: ಮಕ್ಕಳೂ ಹದಿಹರೆಯದವರೂ ಟೂರ್ನಿಗಳಲ್ಲಿ ಆಡುವ ಬ್ಲಿಟ್ಸ್ ಚೆಸ್, ಅಂದರೆ ಒಬ್ಬೊಬ್ಬರಿಗೆ ಕೆಲವೇ ನಿಮಿಷ ಸಿಗುವ ವೇಗದ ಆಟ. ಬರೆದವರಲ್ಲಿ ಕೆಲವರು ಹೆಸರು ಬೇಡವೆಂದು ಕೋರಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ. ಈಗಿನ ಮಕ್ಕಳು ರೂಕ್, ಬಿಷಪ್, ನೈಟ್, ಪಾನ್ ಎನ್ನುತ್ತಾರೆ. ನಾನು ಆನೆ, ಒಂಟೆ, ಕುದುರೆ, ಕಾಲಾಳು ಎಂದೇ ಬರೆಯುತ್ತೇನೆ. ರೂಢಿ ಬಿಡಲಾಗದು, ಮಕ್ಕಳು ಮನ್ನಿಸಬೇಕು.

ಪ್ರಶ್ನೆ: ನನ್ನ ಮಗಳಿಗೆ ಹನ್ನೆರಡು ವರ್ಷ. ಮಕ್ಕಳ ಬ್ಲಿಟ್ಸ್ ಟೂರ್ನಿಯೊಂದರ ಕೊನೆಯ ಸುತ್ತಿನಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನ ಎದುರು ಬಿಳಿ ಕಾಯಿಗಳಲ್ಲಿ ಆಡಿದಳು. ತಲಾ 3 ನಿಮಿಷ, ಪ್ರತಿ ನಡೆಗೆ 2 ಸೆಕೆಂಡು ಇನ್‌ಕ್ರಿಮೆಂಟ್ (ನಡೆ ಆಡಿದಾಗ ಗಡಿಯಾರಕ್ಕೆ ಸೇರುವ ಹೆಚ್ಚುವರಿ ಸಮಯ). 26ನೆಯ ನಡೆಯಲ್ಲಿ ಒಂದು ಕುದುರೆಯನ್ನು ಗೆದ್ದಳು, 41ನೆಯ ನಡೆಯಲ್ಲಿ ಕಾಲಾಳನ್ನು ರಾಣಿ ಮಾಡಿದಳು, ಎದುರಾಳಿಯ ಬಳಿ ರಾಜನೊಬ್ಬನೇ ಉಳಿದಿದ್ದ. ಆದರೂ 47ನೆಯ ನಡೆಯಲ್ಲಿ ಸ್ಟೇಲ್‌ಮೇಟ್ ಆಗಿ, ಅಂದರೆ ಚೆಕ್ ಇಲ್ಲದೆಯೇ ಎದುರಾಳಿಗೆ ಆಡಲು ಯಾವ ನಡೆಯೂ ಉಳಿಯದೆ, ಆಟ ಡ್ರಾ ಆಯಿತು. ಅರ್ಧ ಪಾಯಿಂಟಿನಿಂದ ಬಹುಮಾನ ತಪ್ಪಿತು. ಸಂಘಟಕರು ಆ ಬೋರ್ಡಿನ ವಿಡಿಯೊ ಮಾಡಿದ್ದರು. ಅದನ್ನು ನೋಡಿ ನಡೆಗಳನ್ನೂ ಪ್ರತಿ ನಡೆಗೆ ಹಿಡಿದ ಸಮಯವನ್ನೂ ಬರೆದು ಕಳುಹಿಸಿದ್ದೇನೆ. ಅವಳಿಗೆ ಒತ್ತಡ ತಾಳುವ ಶಕ್ತಿ ಇಲ್ಲವೆಂದು ತರಬೇತುದಾರರು ಹೇಳುತ್ತಾರೆ. ಅದನ್ನು ಕಲಿಸುವುದು ಹೇಗೆ?

ಉತ್ತರ: ನೀವು ಕಳುಹಿಸಿದ ಹಾಳೆಯನ್ನು ಮುಂದಿಟ್ಟುಕೊಂಡು ಆಟವನ್ನು ಎರಡು ಸಲ ಬೋರ್ಡಿನ ಮೇಲೆ ಆಡಿ ನೋಡಿದೆ. ಕೊನೆಯ ನಡೆಗೆ ಮುಂಚಿನ ಸ್ಥಿತಿ ಹೀಗಿದೆ (ಬೋರ್ಡಿನ ಉದ್ದಸಾಲುಗಳಿಗೆ ಎಯಿಂದ ಎಚ್, ಅಡ್ಡಸಾಲುಗಳಿಗೆ 1ರಿಂದ 8 ಎಂದು ಹೆಸರು): ಕಪ್ಪು ರಾಜ ಎ8ರ ಮೂಲೆಯಲ್ಲಿ, ಬಿಳಿ ರಾಜ ಬಿ6ರಲ್ಲಿ, ಬಿಳಿ ರಾಣಿ ಸಿ3ರಲ್ಲಿ. ರಾಣಿಯನ್ನು ಸಿ8ಕ್ಕೆ ಇಟ್ಟಿದ್ದರೆ ಚೆಕ್‌ಮೇಟ್. ಕರ್ಣದಲ್ಲಿ ಎಚ್8ಕ್ಕೆ ಒಯ್ದಿದ್ದರೂ ಚೆಕ್‌ಮೇಟ್. ಅವಳು ಸಿ7ಕ್ಕೆ ಇಟ್ಟಳು. ಅಲ್ಲಿಂದ ರಾಣಿ ಎ7, ಬಿ7, ಬಿ8 ಮೂರೂ ಮನೆಗಳನ್ನು ಕಟ್ಟಿಹಾಕುತ್ತದೆ, ಆದರೆ ಮೂಲೆಯಲ್ಲಿರುವ ರಾಜನಿಗೆ ಚೆಕ್ ಕೊಡುವುದಿಲ್ಲ. ಒಂದೇ ಮನೆಯ ಅಂತರದಲ್ಲಿ ಪೂರ್ತಿ ಪಾಯಿಂಟು ಅರ್ಧವಾಯಿತು. ವಿಡಿಯೊದ ಪ್ರಕಾರ ಆಗ ಅವಳ ಗಡಿಯಾರದಲ್ಲಿ ಇದ್ದದ್ದು 4 ಸೆಕೆಂಡು.

ನಾಲ್ಕು ಸೆಕೆಂಡು ಉಳಿದಿರುವಾಗ ರಾಣಿಯನ್ನು ಪಕ್ಕದ ಮನೆಯಲ್ಲಿಟ್ಟು ಕೈತಪ್ಪಿದ ಆಟಗಾರರು ಎಲ್ಲ ವಯಸ್ಸಿನಲ್ಲೂ ಎಲ್ಲ ದರ್ಜೆಯಲ್ಲೂ ಇದ್ದಾರೆ. ಆದ್ದರಿಂದ ಆ ನಡೆಯನ್ನು ಹಿಡಿದುಕೊಂಡು ಮಗುವಿನ ಸ್ವಭಾವದ ಬಗ್ಗೆ ತೀರ್ಮಾನಕ್ಕೆ ಬರುವುದು ನನಗೆ ಸರಿ ಕಾಣುವುದಿಲ್ಲ. ಕೇಳಬೇಕಾದದ್ದು ಬೇರೆ: ಗೆದ್ದ ಆಟದಲ್ಲಿ ಅವಳು ನಾಲ್ಕು ಸೆಕೆಂಡಿಗೆ ಇಳಿದದ್ದು ಹೇಗೆ? ಅದಕ್ಕೆ ಉತ್ತರ ನೀವೇ ಬರೆದ ಹಾಳೆಯಲ್ಲಿದೆ. ಮೊದಲ ಹದಿಮೂರು ನಡೆಗಳನ್ನು ಅವಳು ಚೆನ್ನಾಗಿಯೇ, ನಡೆಗೆ ಸರಾಸರಿ 5 ಸೆಕೆಂಡಿನಂತೆ ಆಡಿದ್ದಾಳೆ. ಇನ್‌ಕ್ರಿಮೆಂಟ್ ಸೇರಿ ಗಡಿಯಾರದಲ್ಲಿ 2 ನಿಮಿಷ 21 ಸೆಕೆಂಡು ಇತ್ತು. ಹದಿನಾಲ್ಕನೆಯ ನಡೆಗೆ 48 ಸೆಕೆಂಡು ಕಳೆದಳು. ಮೂರು ನಿಮಿಷದ ಆಟದಲ್ಲಿ ಅದು ಕಾಲುಭಾಗಕ್ಕಿಂತ ಹೆಚ್ಚು.

ಆ 48 ಸೆಕೆಂಡಿನಲ್ಲಿ ಅವಳು ಯೋಚಿಸಿದ್ದು ಏನನ್ನು? ಡಿ1ಕ್ಕೆ ಯಾವ ಆನೆಯನ್ನು ತರಬೇಕು, ಎ1ರದ್ದೋ ಎಫ್1ರದ್ದೋ ಎಂಬುದನ್ನು. ವಿಡಿಯೊದಲ್ಲಿ ಅವಳ ಕೈ ಎರಡು ಸಲ ಒಂದು ಆನೆಯ ಕಡೆಗೆ ಹೋಗಿ ಮುಟ್ಟದೆ ಹಿಂದೆ ಬಂತೆಂದು ನೀವೇ ಬರೆದಿದ್ದೀರಿ. ಯಾವ ಆನೆ ಎಂಬುದು ಚೆಸ್‌ನ ಅತಿ ಹಳೆಯ ತಲೆನೋವುಗಳಲ್ಲಿ ಒಂದು. ನಿಧಾನದ ಆಟದಲ್ಲಿ ಇದಕ್ಕೆ ಹತ್ತು ನಿಮಿಷ ಕೊಟ್ಟರೂ ತಪ್ಪಿಲ್ಲ. ಆದರೆ ಈ ಸ್ಥಿತಿಯಲ್ಲಿ ಎರಡರಲ್ಲಿ ಯಾವುದನ್ನು ಆಡಿದರೂ ಆಟದ ಗತಿ ಹೆಚ್ಚೇನೂ ಬದಲಾಗುತ್ತಿರಲಿಲ್ಲ. ಬ್ಲಿಟ್ಸ್‌ನಲ್ಲಿ ಹೆಚ್ಚಿನ ಸಮಯ ಸೋರಿಹೋಗುವುದು ಇಂಥ ಕಡೆಯೇ: ಎರಡು ಒಳ್ಳೆಯ ನಡೆಗಳು ಕಣ್ಣಿಗೆ ಬಿದ್ದು, ಯಾವುದನ್ನು ಬಿಡಲೂ ಮನಸ್ಸು ಬಾರದಾಗ. ಒಂದೇ ಒಳ್ಳೆಯ ನಡೆ ಇರುವ ಕಷ್ಟದ ಸ್ಥಿತಿಯಲ್ಲಿ ಮಕ್ಕಳು ಆಶ್ಚರ್ಯವಾಗುವಷ್ಟು ಬೇಗ ಆಡುತ್ತಾರೆ.

ನಿಮ್ಮ ಮಗಳೇ ಅದಕ್ಕೆ ಉದಾಹರಣೆ. 26ನೆಯ ನಡೆಯಲ್ಲಿ ಕುದುರೆಯನ್ನು ಗೆದ್ದ ಆ ಕಾಂಬಿನೇಷನ್ (ಒಂದಕ್ಕೊಂದು ಹೆಣೆದ ನಡೆಗಳ ಸರಣಿ) ಮೂರು ನಡೆ ಆಳದ್ದು, ಅವಳು ಅದಕ್ಕೆ ತೆಗೆದುಕೊಂಡದ್ದು 3 ಸೆಕೆಂಡು. ಮೂರು ಸೆಕೆಂಡಿನಲ್ಲಿ ಯಾರೂ ಲೆಕ್ಕ ಹಾಕಿ ಮುಗಿಸಲಾರರು. ಅವಳು ಅದನ್ನು ಗುರುತು ಹಿಡಿದಳು. ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗವೊಂದರಲ್ಲಿ ಆಟಗಾರರಿಗೆ ಒಂದು ಸ್ಥಿತಿಯನ್ನು ಸುಮಾರು 5 ಸೆಕೆಂಡು ಮಾತ್ರ ತೋರಿಸಿ, ಬಳಿಕ ಅದನ್ನು ನೆನಪಿನಿಂದ ಜೋಡಿಸಲು ಹೇಳಲಾಯಿತು. ನಿಜವಾದ ಆಟದಿಂದ ತೆಗೆದ ಸ್ಥಿತಿಯಾದರೆ ಮಾಸ್ಟರ್ ಹೊಸಬನಿಗಿಂತ ಬಹಳ ಹೆಚ್ಚು ಕಾಯಿಗಳನ್ನು ಸರಿಯಾಗಿ ಇಡುತ್ತಿದ್ದ. ಕಾಯಿಗಳನ್ನು ಮನಬಂದಂತೆ ಚೆಲ್ಲಿದ ಸ್ಥಿತಿಯಾದರೆ ಇಬ್ಬರಿಗೂ ಹೆಚ್ಚಿನ ವ್ಯತ್ಯಾಸವೇ ಇರುತ್ತಿರಲಿಲ್ಲ. ಮಾಸ್ಟರ್ ಬಿಡಿ ಬಿಡಿ ಕಾಯಿಗಳನ್ನಲ್ಲ, ಪರಿಚಿತ ಗುಂಪುಗಳನ್ನು ಕಾಣುತ್ತಾನೆ ಎಂಬುದು ಅವರು ಕೊಟ್ಟ ವಿವರಣೆ. ಬ್ಲಿಟ್ಸ್ ನಡೆಯುವುದು ಬಹುಪಾಲು ಈ ಪರಿಚಯದ ಬಲದಿಂದ. ಹೀಗಾಗಿ ಮಗಳ ಬಳಿ ಪರಿಚಯದ ಬಂಡವಾಳ ಇದೆ. ಇಲ್ಲದಿರುವುದು ಅದನ್ನು ನಂಬಿ ಬೇಗ ನಡೆ ಆಡಿಬಿಡುವ ಅಭ್ಯಾಸ.

ಹಾಗೆಂದು ಎಲ್ಲ ನಡೆಗಳನ್ನೂ ಒಂದೇ ವೇಗದಲ್ಲಿ ಆಡಬೇಕೆಂದು ಅವಳಿಗೆ ಹೇಳಬೇಡಿ. ಒಂದು ಬ್ಲಿಟ್ಸ್ ಆಟದಲ್ಲಿ ಎರಡು ಅಥವಾ ಮೂರು ಸಲ 15ರಿಂದ 20 ಸೆಕೆಂಡು ಕೊಡಲೇಬೇಕಾದ ಜಾಗ ಬರುತ್ತದೆ: ರಾಣಿಗಳನ್ನು ಬದಲಾಯಿಸಿಕೊಂಡು ಎಂಡ್‌ಗೇಮ್‌ಗೆ (ಕೆಲವೇ ಕಾಯಿಗಳು ಉಳಿದ ಕೊನೆಯ ಹಂತಕ್ಕೆ) ಇಳಿಯುವ ಮುನ್ನ, ಕಾಯಿಯನ್ನು ಬಲಿಕೊಡುವ ಮುನ್ನ, ಎದುರಾಳಿಯ ನಡೆಯ ಉದ್ದೇಶ ಏನೆಂದು ತಿಳಿಯದೆ ಹೋದಾಗ. ಕಾಲಾಳುಗಳು ಒಮ್ಮೆ ಮುಂದೆ ಹೋದರೆ ಹಿಂದೆ ಬರುವುದಿಲ್ಲವಾದ್ದರಿಂದ ರಾಜನ ಮುಂದಿನ ಕಾಲಾಳನ್ನು ತಳ್ಳುವ ಮೊದಲು ಸ್ವಲ್ಪ ನಿಲ್ಲುವುದೂ ಸರಿ. ಆನೆಯನ್ನು ಇಟ್ಟ ಮನೆಯಿಂದ ಮತ್ತೆ ತೆಗೆಯಬಹುದು. ತಪ್ಪಿದರೆ ತಿದ್ದಬಹುದಾದ ನಡೆಗೆ ಐದು ಸೆಕೆಂಡು ಸಾಕು.

ಇನ್ನು ಕೊನೆಯ ಹಂತದ ಕುರಿತು ಎರಡು ಮಾತು, ಏಕೆಂದರೆ ಅಲ್ಲಿಯೂ ಕಲಿಯುವುದಿದೆ. ಒಂಟಿ ರಾಜನನ್ನು ರಾಜ ಮತ್ತು ರಾಣಿ ಸೇರಿ ಯಾವ ಸ್ಥಿತಿಯಿಂದಲಾದರೂ ಹೆಚ್ಚೆಂದರೆ 10 ನಡೆಗಳಲ್ಲಿ ಚೆಕ್‌ಮೇಟ್ ಮಾಡಬಹುದು. ರಾಜ ಮತ್ತು ಆನೆಗೆ ಹೆಚ್ಚೆಂದರೆ 16 ನಡೆ ಬೇಕು. ಕೈಗೆ ಪಳಗಿದ್ದರೆ ನಡೆಗೆ ಸಿಗುವ 2 ಸೆಕೆಂಡಿನಲ್ಲೇ ಅದನ್ನು ಆಡಬಹುದು, ಮನಸ್ಸು ಕೆಲಸ ಮಾಡಬೇಕಾಗಿಲ್ಲ. ದಿನವೂ ಮಲಗುವ ಮುನ್ನ ಗಡಿಯಾರದಲ್ಲಿ 10 ಸೆಕೆಂಡು ಮತ್ತು 2 ಸೆಕೆಂಡಿನ ಇನ್‌ಕ್ರಿಮೆಂಟ್ ಇಟ್ಟು, ಒಂಟಿ ರಾಜನನ್ನು ನೀವು ಹಿಡಿದುಕೊಂಡು, ಅವಳಿಂದ ಐದು ಸಲ ಚೆಕ್‌ಮೇಟ್ ಮಾಡಿಸಿ. ನಿಮಗೆ ಚೆಸ್ ಹೆಚ್ಚು ಬಾರದಿದ್ದರೂ ಒಂಟಿ ರಾಜನನ್ನು ಓಡಿಸಲು ಬರುತ್ತದೆ. ಎರಡನೆಯ ಮಾತು ತೀರ ಸರಳ: ಚೆಕ್ ಕೊಟ್ಟ ನಡೆಯಿಂದ ಸ್ಟೇಲ್‌ಮೇಟ್ ಆಗುವುದು ಸಾಧ್ಯವಿಲ್ಲ. ಯೋಚಿಸಲು ಸಮಯವೇ ಇಲ್ಲದೆ ಎದುರಾಳಿಯ ರಾಜ ಮೂಲೆಯಲ್ಲಿದ್ದರೆ, ರಾಣಿಯನ್ನು ಸುರಕ್ಷಿತ ಮನೆಯಿಂದ ಚೆಕ್ ಕೊಡುವಂತೆ ಇಡುವುದು ಲೇಸು. ಅದು ಚೆಕ್‌ಮೇಟ್ ಆಗದಿದ್ದರೂ ಆಟವಂತೂ ಉಳಿದಿರುತ್ತದೆ.

ಹುಡುಗನ ಬಗ್ಗೆಯೂ ಒಂದು ಸಾಲು ಬರೆಯಬೇಕು. ಕುದುರೆ ಹೋದ ಮೇಲೂ, ರಾಣಿ ಬಂದ ಮೇಲೂ ಅವನು ಆಟ ಬಿಟ್ಟುಕೊಡಲಿಲ್ಲ. ಅವನು ಸೌಜನ್ಯಕ್ಕಾಗಿ ಸೋಲೊಪ್ಪಬೇಕಿತ್ತೆಂದು ನಿಮ್ಮ ಪತ್ರದ ಕೊನೆಯಲ್ಲಿ ಸೂಚಿಸಿದ್ದೀರಿ. ನಾನು ಒಪ್ಪುವುದಿಲ್ಲ. ಎದುರಾಳಿಯ ಗಡಿಯಾರದಲ್ಲಿ 4 ಸೆಕೆಂಡು ಇರುವಾಗ ರಾಜನನ್ನು ಮೂಲೆಗೆ ಒಯ್ದು ಕೂರಿಸಿದ್ದು ಅವನ ಜಾಣತನ.

ಪ್ರಶ್ನೆ: ನನಗೆ 14 ವರ್ಷ. ಆನ್‌ಲೈನ್‌ನಲ್ಲಿ ಬ್ಲಿಟ್ಸ್ ಚೆನ್ನಾಗಿ ಆಡುತ್ತೇನೆ ಸರ್, ಆದರೆ ಬೋರ್ಡಿನ ಮೇಲೆ ಆಡಿದಾಗ ನನಗಿಂತ ಕಡಿಮೆ ರೇಟಿಂಗ್ ಇರುವವರ ಎದುರೂ ಸೋಲುತ್ತೇನೆ. ಕಳೆದ ಟೂರ್ನಿಯಲ್ಲಿ ಒಂದೇ ಆಟದಲ್ಲಿ ಎರಡು ಸಲ ನಿಯಮಬಾಹಿರ ನಡೆ ಆಡಿ ಆಟವನ್ನೇ ಕಳೆದುಕೊಂಡೆ. ನನಗೆ ನಿಯಮ ಗೊತ್ತಿಲ್ಲವೆಂದು ಎಲ್ಲರೂ ನಕ್ಕರು. ಹೀಗೇಕಾಗುತ್ತದೆ?

ಉತ್ತರ: ನಿನಗೆ ನಿಯಮ ಗೊತ್ತಿದೆ, ನಿನ್ನ ಕೈಗೆ ಗೊತ್ತಿಲ್ಲ. ಆನ್‌ಲೈನ್ ಆಟದಲ್ಲಿ ರಾಜನಿಗೆ ಚೆಕ್ ಬಿದ್ದಿರುವಾಗ ಬೇರೆ ಕಾಯಿಯನ್ನು ಎಳೆದರೆ ಅದು ತಾನಾಗಿ ಹಿಂದಕ್ಕೆ ಹೋಗುತ್ತದೆ. ಕಾಲಾಳು ಕೊನೆಯ ಸಾಲಿಗೆ ಹೋದರೆ ರಾಣಿ ತಾನಾಗಿ ಮೂಡುತ್ತದೆ. ಗಡಿಯಾರವನ್ನು ಒತ್ತುವ ಕೆಲಸವೇ ಇಲ್ಲ. ಎದುರಾಳಿ ಯೋಚಿಸುತ್ತಿರುವಾಗಲೇ ಮುಂದಿನ ನಡೆಯನ್ನು ನಮೂದಿಸಿಡಬಹುದು. ಹೀಗೆ ಸಾವಿರಾರು ಆಟಗಳಲ್ಲಿ ಯಂತ್ರ ನಿನ್ನ ಪರವಾಗಿ ಮಾಡಿದ ಕೆಲಸಗಳನ್ನೆಲ್ಲ ಬೋರ್ಡಿನ ಎದುರು ನೀನೇ, ಅದೂ ಒಂದೇ ಕೈಯಲ್ಲಿ, ಮಾಡಬೇಕು. ಚೆಕ್ ಬಿದ್ದದ್ದನ್ನು ಗಮನಿಸುವುದನ್ನೇ ನಿನ್ನ ಕಣ್ಣು ಬಿಟ್ಟುಬಿಟ್ಟಿದೆ, ಏಕೆಂದರೆ ಅಲ್ಲಿ ಗಮನಿಸದಿದ್ದರೆ ಯಾವ ದಂಡವೂ ಇರಲಿಲ್ಲ.

ಬೋರ್ಡಿನ ಮೇಲೆ ದಂಡವಿದೆ. ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆಯ ಈಗಿನ ನಿಯಮದಂತೆ ಬ್ಲಿಟ್ಸ್‌ನಲ್ಲಿ ಮೊದಲ ನಿಯಮಬಾಹಿರ ನಡೆಗೆ ಎದುರಾಳಿಗೆ 1 ನಿಮಿಷ ಹೆಚ್ಚುವರಿಯಾಗಿ ಸಿಗುತ್ತದೆ. ಎರಡನೆಯದಕ್ಕೆ ಆಟವೇ ಹೋಗುತ್ತದೆ. ನಡೆಯನ್ನು ಆಡಿ ಗಡಿಯಾರವನ್ನು ಒತ್ತಿದಾಗ ಮಾತ್ರ ಅದು ನಿಯಮಬಾಹಿರ ನಡೆಯಾಗಿ ಪೂರ್ಣಗೊಳ್ಳುತ್ತದೆ. ಒತ್ತುವ ಮುನ್ನ ತಪ್ಪು ಕಂಡರೆ ಸರಿಪಡಿಸಬಹುದು, ಆದರೆ ಮುಟ್ಟಿದ ಕಾಯಿಯಿಂದ ನಿಯಮಬದ್ಧ ನಡೆ ಸಾಧ್ಯವಿದ್ದರೆ ಅದನ್ನೇ ಆಡಬೇಕು. ನಡೆ ಆಡದೆ ಗಡಿಯಾರ ಒತ್ತುವುದು, ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸ್ಲಿಂಗನ್ನು ಎರಡೂ ಕೈಗಳಿಂದ ಮಾಡಿ ಗಡಿಯಾರ ಒತ್ತುವುದು, ಕಾಲಾಳನ್ನು ಕೊನೆಯ ಸಾಲಿನಲ್ಲಿ ಹಾಗೆಯೇ ಬಿಟ್ಟು ಗಡಿಯಾರ ಒತ್ತುವುದು, ಇವಕ್ಕೂ ಇದೇ ದಂಡ. ಕ್ಯಾಸ್ಲಿಂಗ್‌ನಲ್ಲಿ ಮೊದಲು ರಾಜನನ್ನೇ ಮುಟ್ಟಬೇಕು; ಆನೆಯನ್ನು ಮೊದಲು ಮುಟ್ಟಿದರೆ ಆ ಕಡೆಗೆ ಆ ನಡೆಯಲ್ಲಿ ಕ್ಯಾಸ್ಲಿಂಗ್ ಮಾಡುವಂತಿಲ್ಲ.

ಮುಂದಿನ ಎರಡು ತಿಂಗಳು ಆನ್‌ಲೈನ್ ಆಟವನ್ನು ಅರ್ಧಕ್ಕೆ ಇಳಿಸು. ಉಳಿದ ಅರ್ಧ ಸಮಯದಲ್ಲಿ ಗೆಳೆಯನೊಬ್ಬನನ್ನು ಎದುರು ಕೂರಿಸಿಕೊಂಡು ನಿಜವಾದ ಕಾಯಿ, ನಿಜವಾದ ಗಡಿಯಾರದಲ್ಲಿ ಆಡು, ನಿಯಮಬಾಹಿರ ನಡೆಗೆ ದಂಡವನ್ನೂ ಹಾಕಿಕೊಳ್ಳಿ. ನಕ್ಕವರ ಮಾತು ಬಿಡು. ನಾನು ಆರ್ಬಿಟರ್ (ತೀರ್ಪುಗಾರ) ಆಗಿದ್ದ ಮೊದಲ ಟೂರ್ನಿಯಲ್ಲಿ ನಿಯಮಬಾಹಿರ ನಡೆಗೆ ದಂಡ ತೆತ್ತವರಲ್ಲಿ ಆ ಸಭಾಂಗಣದ ಅತಿ ಪ್ರಬಲ ಆಟಗಾರನೂ ಇದ್ದ.

ಪ್ರಶ್ನೆ: ಎದುರಾಳಿಯ ಬಳಿ ರಾಜ ಮತ್ತು ಒಂದು ಕುದುರೆ ಮಾತ್ರ ಇತ್ತು, ನನ್ನ ಮಗನ ಬಳಿ ರಾಜ ಮತ್ತು ಒಂದು ಕಾಲಾಳು. ಮಗನ ಸಮಯ ಮುಗಿದಾಗ ಆರ್ಬಿಟರ್ ಎದುರಾಳಿಗೆ ಗೆಲುವು ಕೊಟ್ಟರು. ಒಂದೇ ಕುದುರೆಯಿಂದ ಚೆಕ್‌ಮೇಟ್ ಮಾಡಲಾಗದೆಂದು ಎಲ್ಲ ಪುಸ್ತಕಗಳಲ್ಲೂ ಇದೆ. ಇದು ಅನ್ಯಾಯವಲ್ಲವೇ?

ಉತ್ತರ: ಆರ್ಬಿಟರ್ ಮಾಡಿದ್ದು ಸರಿ. ಸಮಯ ಮುಗಿದವನು ಸೋಲುತ್ತಾನೆ. ಎದುರಾಳಿಯು ನಿಯಮಬದ್ಧ ನಡೆಗಳ ಯಾವುದೇ ಸರಣಿಯಿಂದಲೂ ಚೆಕ್‌ಮೇಟ್ ಮಾಡಲು ಸಾಧ್ಯವೇ ಇಲ್ಲದಿದ್ದರೆ ಮಾತ್ರ ಆಟ ಡ್ರಾ. ಇಲ್ಲಿ ‘ಯಾವುದೇ ಸರಣಿ’ ಎಂದರೆ ನಿಮ್ಮ ಮಗ ಅತ್ಯಂತ ಕೆಟ್ಟದಾಗಿ ಆಡುವ ಸರಣಿಯೂ ಸೇರುತ್ತದೆ. ಒಂಟಿ ರಾಜನ ಎದುರು ಕುದುರೆಗೆ ಏನೂ ಮಾಡಲಾಗದು, ಪುಸ್ತಕಗಳು ಹೇಳುವುದು ಅದನ್ನು. ಕಾಲಾಳು ಇದ್ದರೆ ಅದೇ ರಾಜನ ದಾರಿಗೆ ಅಡ್ಡ ನಿಲ್ಲಬಹುದು. ಬೋರ್ಡಿನ ಮೇಲೆ ಇಟ್ಟು ನೋಡಿ: ಕಪ್ಪು ರಾಜ ಎ1ರಲ್ಲಿ, ಕಪ್ಪು ಕಾಲಾಳು ಎ2ರಲ್ಲಿ, ಬಿಳಿ ರಾಜ ಸಿ1ರಲ್ಲಿ, ಬಿಳಿ ಕುದುರೆ ಬಿ3ಕ್ಕೆ ಬಂದು ಚೆಕ್ ಕೊಡುತ್ತದೆ. ಎ2ರಲ್ಲಿ ತನ್ನದೇ ಕಾಲಾಳು, ಬಿ1 ಮತ್ತು ಬಿ2 ಬಿಳಿ ರಾಜನ ವಶ. ಚೆಕ್‌ಮೇಟ್. ಇಂಥದ್ದು ಆಟದಲ್ಲಿ ಎಂದಾದರೂ ನಡೆಯುತ್ತದೆಯೇ ಎಂಬುದು ನಿಯಮದ ಪ್ರಶ್ನೆಯಲ್ಲ.

ವಿಚಿತ್ರವೆಂದರೆ, ಮಗನ ಬಳಿ ಕಾಲಾಳಿನ ಬದಲು ರಾಣಿ ಮಾತ್ರ ಇದ್ದಿದ್ದರೆ ಆಟ ಡ್ರಾ ಆಗುತ್ತಿತ್ತು, ಏಕೆಂದರೆ ರಾಜ ಮತ್ತು ರಾಣಿಯ ಎದುರು ಒಂದೇ ಕುದುರೆಯಿಂದ ಚೆಕ್‌ಮೇಟ್ ಕಟ್ಟಲು ದಾರಿಯೇ ಇಲ್ಲ. ಕೊನೆಯ ಎರಡು ಸೆಕೆಂಡಿನಲ್ಲಿ ಆ ಕಾಲಾಳನ್ನು ಕುದುರೆಗೆ ಒಪ್ಪಿಸಿ ಒಂಟಿ ರಾಜನಾಗಿ ಉಳಿದಿದ್ದರೂ ಅರ್ಧ ಪಾಯಿಂಟು ಸಿಗುತ್ತಿತ್ತು. ಅದನ್ನು ಹೊಳೆಯಿಸಿಕೊಳ್ಳುವ ಹುಡುಗರಿದ್ದಾರೆ, ನಾನು ನೋಡಿದ್ದೇನೆ.

ಪ್ರಶ್ನೆ: ಸಮಯದ ಒತ್ತಡದಲ್ಲಿ ಎದುರಾಳಿ ಕಾಯಿಗಳನ್ನು ಬೀಳಿಸಿ, ಎತ್ತಿಡದೆ ಗಡಿಯಾರ ಒತ್ತಿದ. ನಾನು ತಕ್ಷಣ ಗಡಿಯಾರವನ್ನು ಅವನ ಕಡೆಗೇ ತಿರುಗಿ ಒತ್ತಿದೆ. ಆರ್ಬಿಟರ್ ಇಬ್ಬರಿಗೂ ಬೈದರು. ಇನ್ನೊಂದು ಆಟದಲ್ಲಿ ಎದುರಾಳಿ ಚೆಕ್ ಇದ್ದದ್ದನ್ನು ನೋಡದೆ ಬೇರೆ ನಡೆ ಆಡಿದಾಗ ನಾನು ಅವನ ರಾಜನನ್ನೇ ಹೊಡೆದೆ. ಅದಕ್ಕೂ ಬೈಗುಳವೇ ಸಿಕ್ಕಿತು. (ವಯಸ್ಸು 11)

ಉತ್ತರ: ಎರಡೂ ಸಲ ನಿನ್ನ ಸಿಟ್ಟು ನ್ಯಾಯವಾದದ್ದು, ನೀನು ಮಾಡಿದ್ದು ತಪ್ಪು. ಬೀಳಿಸಿದವನು ತನ್ನ ಸಮಯದಲ್ಲೇ ಕಾಯಿಗಳನ್ನು ಸರಿಯಾದ ಜಾಗದಲ್ಲಿ ಇಡಬೇಕು. ಅವನು ಹಾಗೆ ಮಾಡದೆ ಗಡಿಯಾರ ಒತ್ತಿದರೆ ನೀನು ಗಡಿಯಾರವನ್ನು ನಿಲ್ಲಿಸಿ ಆರ್ಬಿಟರನ್ನು ಕರೆಯಬೇಕು. ಒತ್ತಿ ಹಿಂದಿರುಗಿಸಬಾರದು, ಅದು ನಡೆ ಆಡದೆ ಗಡಿಯಾರ ಒತ್ತಿದಂತಾಗುತ್ತದೆ. ರಾಜನನ್ನು ಹೊಡೆಯುವುದಂತೂ ಚೆಸ್‌ನಲ್ಲಿ ಇಲ್ಲವೇ ಇಲ್ಲ, ಅದೇ ಒಂದು ನಿಯಮಬಾಹಿರ ನಡೆ. ಅಲ್ಲಿಯೂ ಗಡಿಯಾರ ನಿಲ್ಲಿಸಿ ಕೈ ಎತ್ತಬೇಕು, ಅದೂ ನಿನ್ನ ಮುಂದಿನ ನಡೆ ಆಡುವ ಮೊದಲೇ. ಒಬ್ಬ ಆರ್ಬಿಟರ್ ಹಲವು ಬೋರ್ಡುಗಳನ್ನು ನೋಡಿಕೊಳ್ಳುವ ಟೂರ್ನಿಗಳಲ್ಲಿ ಅವರ ಕಣ್ಣಿಗೂ ಬೀಳದೆ, ನೀನೂ ಆಕ್ಷೇಪಿಸದೆ ಮುಂದಿನ ನಡೆ ಆಡಿಬಿಟ್ಟರೆ, ಆ ತಪ್ಪು ನಡೆ ಹಾಗೆಯೇ ನಿಂತು ಆಟ ಮುಂದುವರಿಯುತ್ತದೆ.

ಕಾಯಿ ಬಿದ್ದು ಆಟ ಹೋಗುವುದು ಮಕ್ಕಳ ಟೂರ್ನಿಗಳಿಗೆ ಮಾತ್ರ ಸೀಮಿತವಲ್ಲ. 2019ರ ಡಿಸೆಂಬರ್‌ನಲ್ಲಿ ಮಾಸ್ಕೊದಲ್ಲಿ ನಡೆದ ವಿಶ್ವ ಬ್ಲಿಟ್ಸ್ ಚಾಂಪಿಯನ್‌ಷಿಪ್‌ನಲ್ಲಿ 16 ವರ್ಷದ ಅಲಿರೆಜಾ ಫಿರೂಜ್ಜಾ, ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಎದುರು ಕಾಲಾಳುಗಳಲ್ಲಿ ಮುಂದಿದ್ದ ಎಂಡ್‌ಗೇಮ್‌ನಲ್ಲಿ, ಕೊನೆಯ ಸೆಕೆಂಡುಗಳಲ್ಲಿ ತನ್ನ ರಾಜನನ್ನೇ ಉರುಳಿಸಿದ. ಅದನ್ನು ಎತ್ತಿಡುವಷ್ಟರಲ್ಲಿ ಸಮಯ ಮುಗಿಯಿತು. ಅವನ ಮೇಲ್ಮನವಿಯೂ ತಿರಸ್ಕೃತವಾಯಿತು.

ಗಡಿಯಾರದ ಕುರಿತು ಇನ್ನೊಂದು, ನೀನು ಕೇಳದಿದ್ದರೂ ಹೇಳುತ್ತೇನೆ: ಕಾಯಿ ನಡೆಸಿದ ಕೈಯಿಂದಲೇ ಗಡಿಯಾರ ಒತ್ತಬೇಕು, ಗುಂಡಿಯ ಮೇಲೆ ಬೆರಳನ್ನು ಇಟ್ಟುಕೊಂಡಿರುವುದಾಗಲಿ ತೂಗಾಡಿಸುತ್ತಿರುವುದಾಗಲಿ ನಿಷಿದ್ಧ. ನಿನ್ನ ವಯಸ್ಸಿನವರಲ್ಲಿ ಅರ್ಧದಷ್ಟು ಜನ ಎಡಗೈಯನ್ನು ಗಡಿಯಾರದ ಪಕ್ಕದಲ್ಲಿ ಕಾವಲಿಗೆ ಕೂರಿಸಿರುತ್ತಾರೆ.

ಪ್ರಶ್ನೆ: ಕಾಲಾಳು ಕೊನೆಯ ಸಾಲು ತಲುಪಿದಾಗ ಪಕ್ಕದಲ್ಲಿ ರಾಣಿ ಸಿಗದಿದ್ದರೆ ಆನೆಯನ್ನು ತಲೆಕೆಳಗಾಗಿ ಇಟ್ಟು ರಾಣಿ ಎನ್ನಬಹುದೇ? ನಾವು ಮನೆಯಲ್ಲಿ ಹಾಗೆಯೇ ಮಾಡುತ್ತೇವೆ.

ಉತ್ತರ: ಮನೆಯಲ್ಲಿ ಮಾಡಿ, ಟೂರ್ನಿಯಲ್ಲಿ ಬೇಡ. ತಲೆಕೆಳಗಾದ ಆನೆಯೂ ಆನೆಯೇ. 2017ರ ಕೆನಡಾ ಚಾಂಪಿಯನ್‌ಷಿಪ್‌ನ ಪ್ರಶಸ್ತಿ ನಿರ್ಣಾಯಕ ಬ್ಲಿಟ್ಸ್ ಆಟದಲ್ಲಿ ನಿಕೊಲಾಯ್ ನೊರಿತ್ಸಿನ್ ಕಾಲಾಳನ್ನು ಬಡ್ತಿಗೊಳಿಸುವಾಗ ಹತ್ತಿರದಲ್ಲಿ ರಾಣಿ ಕಾಣಲಿಲ್ಲ. ಹೊಡೆಯಲ್ಪಟ್ಟ ಆ ರಾಣಿ ಎದುರಾಳಿ ಬಟೋರ್ ಸಾಂಬುಯೆವ್ ಅವರ ಕೈಯಲ್ಲಿತ್ತು. ನೊರಿತ್ಸಿನ್ ಆನೆಯನ್ನು ತಲೆಕೆಳಗಾಗಿ ಇಟ್ಟರು, ಆರ್ಬಿಟರ್ ಅದನ್ನು ಆನೆ ಎಂದೇ ತೀರ್ಮಾನಿಸಿದರು, ಆಟವೂ ಪ್ರಶಸ್ತಿಯೂ ಸಾಂಬುಯೆವ್ ಪಾಲಾಯಿತು. ಮಾಡಬೇಕಾದದ್ದು ಇಷ್ಟೇ: ಗಡಿಯಾರವನ್ನು ನಿಲ್ಲಿಸಿ ಆರ್ಬಿಟರನ್ನು ರಾಣಿ ಕೇಳುವುದು. ಇದಕ್ಕೆ ನಿಯಮದಲ್ಲೇ ಅವಕಾಶವಿದೆ. ಆಟ ಆರಂಭವಾಗುವ ಮುನ್ನ ಬೋರ್ಡಿನ ಪಕ್ಕದಲ್ಲಿ ಎರಡು ಬಣ್ಣದ ಒಂದೊಂದು ಹೆಚ್ಚುವರಿ ರಾಣಿ ಇದೆಯೇ ಎಂದು ನೋಡಿಕೊಳ್ಳುವ ಮಗುವನ್ನು ಕಂಡರೆ ನನಗೆ ಅದರ ತರಬೇತುದಾರರ ಮೇಲೆ ಗೌರವ ಹುಟ್ಟುತ್ತದೆ.

ಪ್ರಶ್ನೆ: ನಮ್ಮ ಕಾಲದಲ್ಲಿ ಬ್ಲಿಟ್ಸ್ ಎಂದರೆ ತಲಾ 5 ನಿಮಿಷ, ಅಷ್ಟೇ. ಈಗ 3 ನಿಮಿಷ ಮತ್ತು 2 ಸೆಕೆಂಡು ಎನ್ನುತ್ತಾರೆ. ಇದು ಹೆಚ್ಚೋ ಕಡಿಮೆಯೋ? ಈ ವೇಗದ ಆಟದಿಂದ ಮಕ್ಕಳ ನಿಜವಾದ ಚೆಸ್ ಹಾಳಾಗುವುದಿಲ್ಲವೇ?

ಉತ್ತರ: ಲೆಕ್ಕದಲ್ಲಿ ಎರಡೂ ಒಂದೇ. ಒಂದು ಆಟಕ್ಕೆ 60 ನಡೆ ಎಂದು ಹಿಡಿದು ಒಟ್ಟು ಸಮಯ ಎಣಿಸುವುದು ಫಿಡೆಯ ಕ್ರಮ. ಆ ಮೊತ್ತ 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬ್ಲಿಟ್ಸ್. ಮೂರು ನಿಮಿಷಕ್ಕೆ 60 ಸಲ 2 ಸೆಕೆಂಡು ಸೇರಿಸಿದರೆ ಐದು ನಿಮಿಷವೇ ಆಗುತ್ತದೆ. ವಿಶ್ವ ಬ್ಲಿಟ್ಸ್ ಚಾಂಪಿಯನ್‌ಷಿಪ್ ನಡೆಯುವುದೂ ಈ 3 ನಿಮಿಷ ಮತ್ತು 2 ಸೆಕೆಂಡಿನ ಅಳತೆಯಲ್ಲೇ. ಆಡುವವರಿಗೆ ಮಾತ್ರ ವ್ಯತ್ಯಾಸ ದೊಡ್ಡದು. ಹಳೆಯ ಐದು ನಿಮಿಷದ ಆಟದಲ್ಲಿ ಕೊನೆಗೆ ಯಾರ ಕೈ ಚುರುಕೋ ಅವರು, ಸೋತ ಸ್ಥಿತಿಯಲ್ಲೂ, ಗೆಲ್ಲುತ್ತಿದ್ದರು. ಕಾಯಿಗಳು ಹಾರಿ ನೆಲಕ್ಕೆ ಬೀಳುತ್ತಿದ್ದವು. ಪ್ರತಿ ನಡೆಗೆ ಎರಡು ಸೆಕೆಂಡು ಬಂದ ಮೇಲೆ, ಗೆದ್ದ ಎಂಡ್‌ಗೇಮನ್ನು ಗೆಲ್ಲಲು ಬರುವವನಿಗೆ ಗೆಲ್ಲುವ ಅವಕಾಶ ಉಳಿಯುತ್ತದೆ. ಇಂಥ ಗಡಿಯಾರಕ್ಕೆ 1989ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್. 1992ರಲ್ಲಿ ತಮ್ಮ ಹಳೆಯ ಎದುರಾಳಿ ಬೋರಿಸ್ ಸ್ಪಾಸ್ಕಿಯೊಂದಿಗಿನ ಮರುಪಂದ್ಯವನ್ನು ಅದರಲ್ಲೇ ಆಡಿದರು. ಹಳೆಯ ಐದು ನಿಮಿಷದ ಆಟದಲ್ಲೂ ಫಿಷರ್ ಕಡಿಮೆಯೇನಲ್ಲ: 1970ರಲ್ಲಿ ಹೆರ್ಸೆಗ್ ನೋವಿಯ ಬ್ಲಿಟ್ಸ್ ಟೂರ್ನಿಯಲ್ಲಿ 22 ಆಟಗಳಿಂದ 19 ಪಾಯಿಂಟ್ ಗಳಿಸಿ, ಎರಡನೆಯ ಸ್ಥಾನದ ಮಾಜಿ ವಿಶ್ವ ಚಾಂಪಿಯನ್ ಮಿಖಾಯಿಲ್ ತಾಲ್‌ಗಿಂತ ನಾಲ್ಕೂವರೆ ಪಾಯಿಂಟ್ ಮುಂದಿದ್ದರು.

ಹಾಳಾಗುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಆಟದಿಂದ ಹಾಳಾಗುವುದಿಲ್ಲ, ಆಟದ ನಂತರ ಏನೂ ಮಾಡದೆ ಇರುವುದರಿಂದ ಹಾಳಾಗುತ್ತದೆ. ಒಂದು ಸಂಜೆ ಆರು ಬ್ಲಿಟ್ಸ್ ಆಟ ಆಡಿ, ಪ್ರತಿಯೊಂದರ ಆರಂಭದ ಹತ್ತು ನಡೆಗಳನ್ನೂ ಆಟ ತಿರುಗಿದ ಒಂದು ಜಾಗವನ್ನೂ ನೆನಪಿನಿಂದ ಬರೆಯುವ ಮಗು ಕಲಿಯುತ್ತದೆ. ಬ್ಲಿಟ್ಸ್‌ನಲ್ಲಿ ನಡೆಗಳನ್ನು ಬರೆದುಕೊಳ್ಳುವ ಕಡ್ಡಾಯವಿಲ್ಲವಾದ್ದರಿಂದ ಈ ಕೆಲಸ ನೆನಪಿನಿಂದಲೇ ಆಗಬೇಕು, ಅದೂ ಒಂದು ಅಭ್ಯಾಸವೇ. ಅದೇ ಸಂಜೆ ಅರವತ್ತು ಆಟ ಆಡಿ ರೇಟಿಂಗಿನ ಅಂಕಿಯನ್ನು ಮಾತ್ರ ನೋಡಿ ಮಲಗುವ ಮಗು, ತನ್ನ ತಪ್ಪುಗಳನ್ನೇ ಅರವತ್ತು ಸಲ ಅಭ್ಯಾಸ ಮಾಡಿದಂತೆ. ನಿಧಾನದ ಟೂರ್ನಿಗೆ ಮುಂಚಿನ ವಾರ ಬ್ಲಿಟ್ಸನ್ನು ಪೂರ್ತಿ ನಿಲ್ಲಿಸಿ ಎಂದು ನಾನು ಹೇಳುತ್ತೇನೆ; ಇದಕ್ಕೆ ಒಪ್ಪದ ತರಬೇತುದಾರರೂ ಇದ್ದಾರೆ.

ಪ್ರಶ್ನೆ: ಬ್ಲಿಟ್ಸ್‌ನಲ್ಲಿ ಸೋತರೆ ಮಗಳ ಕ್ಲಾಸಿಕಲ್ (ನಿಧಾನದ ಆಟದ) ರೇಟಿಂಗ್ ಇಳಿಯುತ್ತದೆಯೇ?

ಉತ್ತರ: ಇಲ್ಲ. ಫಿಡೆ 2012ರಿಂದ ಬ್ಲಿಟ್ಸ್‌ಗೆ ಪ್ರತ್ಯೇಕ ರೇಟಿಂಗ್ ಕೊಡುತ್ತಿದೆ.

ಪ್ರಶ್ನೆ: ನನ್ನ ಮಗ ಮತ್ತು ಅವನ ಆಪ್ತ ಗೆಳೆಯ ಒಂದೇ ಕಡೆ ಚೆಸ್ ಕಲಿಯುತ್ತಾರೆ. ಟೂರ್ನಿಯೊಂದರ ಟೈಬ್ರೇಕರ್ ಬ್ಲಿಟ್ಸ್‌ನಲ್ಲಿ ಗೆಳೆಯ ಸೋತ. ಆಟ ಮುಗಿದಾಗ ಕೈ ಕುಲುಕದೆ ಕಾಯಿಗಳನ್ನು ತಳ್ಳಿ ಎದ್ದು ಹೋದ. ಎರಡು ವಾರದಿಂದ ಮಾತಿಲ್ಲ. ಮುಂದೆ ಇವರಿಬ್ಬರನ್ನು ಬೇರೆ ಬೇರೆ ಟೂರ್ನಿಗಳಿಗೆ ಕಳುಹಿಸುವುದು ಒಳ್ಳೆಯದೇ?

ಉತ್ತರ: ಬೇಡ. ಒಂದೇ ವಯಸ್ಸಿನ, ಒಂದೇ ಮಟ್ಟದ ಇಬ್ಬರು ಮಕ್ಕಳು ಇಂದಲ್ಲ ನಾಳೆ ಎದುರಾಗಲೇಬೇಕು. ಎಷ್ಟು ಚೆನ್ನಾಗಿ ಆಡಿದರೆ ಅಷ್ಟು ಹೆಚ್ಚು ಸಲ ಎದುರಾಗುತ್ತಾರೆ. 2023ರಲ್ಲಿ ಬಾಕುವಿನಲ್ಲಿ ನಡೆದ ವಿಶ್ವಕಪ್‌ನ ಕ್ವಾರ್ಟರ್ ಫೈನಲ್ ಅನ್ನು ಮಕ್ಕಳಿಬ್ಬರಿಗೂ ಒಟ್ಟಿಗೆ ತೋರಿಸಿ. 18 ವರ್ಷದ ಪ್ರಜ್ಞಾನಂದ ಮತ್ತು 19 ವರ್ಷದ ಅರ್ಜುನ್ ಎರಿಗೈಸಿ, ಇಬ್ಬರೂ ಗೆಳೆಯರು. ಮೊದಲ ಕ್ಲಾಸಿಕಲ್ ಆಟವನ್ನು ಅರ್ಜುನ್ ಗೆದ್ದರು, ಎರಡನೆಯದನ್ನು ಪ್ರಜ್ಞಾನಂದ. ಬಳಿಕ ಪ್ರತಿ ಜೋಡಿಗೂ ಸಮಯ ಕುಗ್ಗುತ್ತ ಹೋಯಿತು: 25 ನಿಮಿಷದ ಎರಡು, 10 ನಿಮಿಷದ ಎರಡು, 5 ನಿಮಿಷದ ಎರಡು ಆಟಗಳು. ಎಂಟು ಆಟ ಮುಗಿದಾಗ 4-4. ಒಂಬತ್ತನೆಯದು 3 ನಿಮಿಷ ಮತ್ತು 2 ಸೆಕೆಂಡಿನ ಸಡನ್ ಡೆತ್ ಬ್ಲಿಟ್ಸ್, ಅಂದರೆ ಗೆದ್ದವರು ಅಲ್ಲೇ ಮುಂದಕ್ಕೆ. ಪ್ರಜ್ಞಾನಂದ ಗೆದ್ದು 5-4ರಿಂದ ಸೆಮಿಫೈನಲ್‌ಗೆ ಹೋದರು, ಮುಂದೆ ಫೈನಲ್‌ನಲ್ಲಿ ಕಾರ್ಲ್‌ಸನ್ ಎದುರು ಟೈಬ್ರೇಕರ್‌ನಲ್ಲಿ ಸೋತರು.

ಕಾಯಿಗಳನ್ನು ತಳ್ಳಿ ಹೋದ ಹುಡುಗನ ವಿಷಯದಲ್ಲಿ ದೊಡ್ಡವರು ಹೆಚ್ಚು ಉಪದೇಶ ಮಾಡುವುದು ಬೇಡ. ಬ್ಲಿಟ್ಸ್‌ನಲ್ಲಿ ಸೋಲು ಬಹಳ ಬೇಗ ಬಂದುಬಿಡುತ್ತದೆ. ನಿಧಾನದ ಆಟದಲ್ಲಿ ಸೋಲುವವನಿಗೆ ಒಂದು ಗಂಟೆ ಮೊದಲೇ ಅದರ ಸುಳಿವು ಸಿಕ್ಕಿರುತ್ತದೆ, ಇಲ್ಲಿ ಮುಖವನ್ನು ಸಜ್ಜು ಮಾಡಿಕೊಳ್ಳಲೂ ಸಮಯವಿಲ್ಲ. ನಿಮ್ಮ ಮಗನಿಂದಲೇ ಅವನಿಗೊಂದು ಮಾತು ಹೇಳಿಸಿ: ಆ ಆಟದಲ್ಲಿ ತನಗೆ ಅರ್ಥವಾಗದ ಒಂದು ನಡೆಯನ್ನು ಕೇಳಲಿ. ಅವನು ಅದಕ್ಕೆ ಉತ್ತರ ಕೊಡಲು ಬೋರ್ಡನ್ನು ಬಿಚ್ಚಲೇಬೇಕಾಗುತ್ತದೆ.